ಸ್ಯಾಂಡ್ರಿಂಗಮ್ ರಸ್ತೆಯ ಭಾವಮೈದುನರು

ಆಕ್‌ಲೆಂಡಿಗೆ ಬಂದ ಮೊದಲ ವರ್ಷ ಉದಯಶಂಕರರಿಗೆ ಇದ್ದ ದೂರು ಒಂದೇ. ಈ ಊರಿನಲ್ಲಿ ಯಾರೂ ತಮ್ಮನ್ನು ಬೈಯುವುದಿಲ್ಲ ಎಂಬುದು.

ದೂರು ಸುಳ್ಳಲ್ಲ. ಸ್ಯಾಂಡ್ರಿಂಗಮ್‌ನ ಜನ ಅಷ್ಟು ಸಂಭಾವಿತರು. ಅಂಗಡಿಯ ಸಾಲಿನಲ್ಲಿ ನಾವೇ ಒಬ್ಬರ ಕಾಲು ತುಳಿದರೂ ತುಳಿಸಿಕೊಂಡವರು ನಮ್ಮನ್ನು ಕ್ಷಮೆ ಕೇಳುತ್ತಾರೆ. ಪಕ್ಕದ ಮನೆಯವರು ಬೇಲಿಯಾಚೆಯಿಂದ ಮಳೆ ಬಿಸಿಲಿನ ವಿಚಾರ ಒಂದೆರಡು ಮಾತಾಡಿ, ಇನ್ನೂ ಆಡಿದರೆ ನಮಗೆಲ್ಲಿ ತೊಂದರೆಯಾಗುತ್ತದೋ ಎಂದು ಒಳಗೆ ಹೋಗಿಬಿಡುತ್ತಾರೆ. ಕನ್ನಡ ಕೂಟದ ಹುಡುಗರಂತೂ ಉದಯಶಂಕರರನ್ನು ಕಂಡರೆ ಎದ್ದು ನಿಂತು, ಅಂಕಲ್ ಎಂದು ಕೈಮುಗಿದು, ಕುರ್ಚಿ ಕೊಟ್ಟು, ಆಮೇಲೆ ತಮ್ಮ ತಮ್ಮಲ್ಲೇ ನಗುನಗುತ್ತಾ ಮಾತಾಡಿಕೊಳ್ಳುತ್ತಿದ್ದರು.

"ಇಷ್ಟೊಂದು ಮರ್ಯಾದೆ ನನ್ನ ಮೈಗೆ ಒಗ್ಗಲ್ಲ ಕಣೇ," ಎಂದು ಅವರು ಹೆಂಡತಿಯ ಮುಂದೆ ಹೇಳಿಕೊಳ್ಳುತ್ತಿದ್ದರು. ಕಮಲಮ್ಮನವರು, ಬೇಕಾದರೆ ತಾವೇ ದಿನಕ್ಕೊಂದು ಸಲ ಬೈಯುವುದಾಗಿಯೂ, ಅದಕ್ಕೆ ಕಾರಣಗಳಿಗೇನೂ ಬರವಿಲ್ಲವೆಂದೂ ಸಮಾಧಾನ ಮಾಡುತ್ತಿದ್ದರು.

ಅವರ ಸಂಕಟ ಅರ್ಥವಾಗಬೇಕಾದರೆ ಅವರು ಎಲ್ಲಿಂದ ಬಂದವರೆಂಬುದು ತಿಳಿದಿರಬೇಕು. ಹುಟ್ಟಿದ್ದು ಮೈಸೂರಿನ ಚಾಮರಾಜಪುರಂನಲ್ಲಿ. ಆದರೆ ಮದುವೆಯಾದ ಹೊಸತರಲ್ಲೇ ಹಡಗು ಹತ್ತಿ ಆಫ್ರಿಕಾದ ದಕ್ಷಿಣ ಭಾಗದ ಜಾಂಬಿಯಾ ದೇಶಕ್ಕೆ ಹೋಗಿ, ಅಲ್ಲಿ ಉತ್ತರದ ಕಸಾಮಾ ಎಂಬ ಊರಿನ ಪ್ರೌಢಶಾಲೆಯಲ್ಲಿ ತಲೆಗೂದಲು ನರೆಯುವವರೆಗೆ ಗಣಿತ ಕಲಿಸಿದರು. ಮಗ ಅನೂಪ್ ಹುಟ್ಟಿದ್ದೂ ಅಲ್ಲಿಯೇ. ಅವನು ಓದಿ, ನ್ಯೂಜಿಲೆಂಡಿನಲ್ಲಿ ಕೆಲಸ ಹಿಡಿದು, ಎರಡು ಸಾವಿರದ ನಾಲ್ಕರಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕರೆಸಿಕೊಂಡ. ನಾನು ಆಗ ಅದೇ ಬೀದಿಯಲ್ಲಿ ಮಗಳ ಮನೆಯಲ್ಲಿದ್ದೆ. ಉದಯಶಂಕರರೂ ನಾನೂ ಬೆಳಗಿನ ಬಸ್ಸಿನಲ್ಲಿ ಪಟ್ಟಣದ ಲೈಬ್ರರಿಗೆ ಹೋಗುವುದು ರೂಢಿಯಾಯಿತು. ಮುಂದಿನದೆಲ್ಲ ಆ ಬಸ್ಸಿನಲ್ಲಿಯೇ ನಡೆದದ್ದು.

ಒಂದು ದಿನ ಬಸ್ಸು ನಿಂತು ಬಾಗಿಲು ತೆರೆದಾಗ ಚಾಲಕನ ಸೀಟಿನಲ್ಲಿ ಹೊಸಬರು ಕೂತಿದ್ದರು. ಕಪ್ಪು ಮೈಬಣ್ಣದ, ಅಗಲ ಹೆಗಲಿನ, ಐವತ್ತು ದಾಟಿದ ಮನುಷ್ಯ. ಅವರ ಕೀಲಿಗೊಂಚಲಿನಲ್ಲಿ ಜಾಂಬಿಯಾದ ಒಂದು ಪುಟ್ಟ ಹಸಿರು ಬಾವುಟ, ಅದರ ಮೂಲೆಯಲ್ಲಿ ಕಿತ್ತಳೆ ಬಣ್ಣದ ಹದ್ದು. ಉದಯಶಂಕರರು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು.

"ಮುಲಿಶಾನಿ, ಮುಕ್ವಾಯಿ," ಎಂದರು. ಕಸಾಮಾದ ಬೆಂಬಾ ಭಾಷೆಯಲ್ಲಿ ಅದು 'ಹೇಗಿದ್ದೀರಿ, ಸ್ವಾಮಿ' ಎಂದು ಕೇಳುವ ಬಗೆ.

ಚಾಲಕರು ಕನ್ನಡಕ ತೆಗೆದು ಅವರನ್ನು ಮೇಲಿಂದ ಕೆಳಗೆ ನೋಡಿದರು. ಎಲ್ಲಿ ಕಲಿತಿರಿ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು. ಕಸಾಮಾದಲ್ಲಿ ಮೇಷ್ಟ್ರಾಗಿದ್ದೆ ಎಂಬ ಉತ್ತರ ಕೇಳಿದ ಮೇಲೆ ಅವರ ಮುಖ ಗಂಭೀರವಾಯಿತು.

"ಕಸಾಮಾದವನೋ? ಹಾಗಾದರೆ ನೀನು ಬೆಂಬಾ. ಕೋತಿ ತಿನ್ನುವ ಜಾತಿ. ಬಾಗಿಲ ಹತ್ತಿರ ಕೂರಬೇಡ, ನನ್ನ ಬಸ್ಸು ವಾಸನೆ ಹಿಡಿಯುತ್ತದೆ."

ಏಕಾದಶಿಯ ದಿನ ಈರುಳ್ಳಿಯನ್ನೂ ಮುಟ್ಟದ ಮನುಷ್ಯನಿಗೆ ಈ ಮಾತೇ? ಆದರೆ ಉದಯಶಂಕರರ ಮುಖ ನೋಡುತ್ತೇನೆ, ಬಹಳ ದಿನ ಹಸಿದಿದ್ದವನ ಮುಂದೆ ಎಲೆ ಹಾಕಿದ ಹಾಗೆ ಅರಳಿಬಿಟ್ಟಿದೆ.

"ಓಹೋ, ನೀನು ಪೂರ್ವ ಸೀಮೆಯ ನ್ಗೋನಿ," ಎಂದರು. "ಆ ಊಟದ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕು. ಇಲಿಗಳು ಎದ್ದು ಓಡಿಹೋದಾವು."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ, ಆ ಊರಿನ ಪದ್ಧತಿಯಂತೆ, ಮಳೆಯಲ್ಲಿ ನೆನೆಯುತ್ತಾ ಸುಮ್ಮನೆ ಕಾದರು.

ಚಾಲಕರ ಹೆಸರು ಲ್ಯಾಕ್ಸನ್ ಜೆರೆ. ಹೆಂಡತಿ ಎಸ್ನಾಟ್ ನರ್ಸ್. ಆಕೆಯ ಕೆಲಸದಿಂದಾಗಿ ಅವರು ಈ ದೇಶಕ್ಕೆ ಬಂದವರು. ಇದನ್ನೆಲ್ಲ ಉದಯಶಂಕರರು ಲೈಬ್ರರಿಯ ಮೆಟ್ಟಿಲ ಮೇಲೆ ನನಗೆ ವಿವರಿಸಿದರು. ಬೆಂಬಾ ಮತ್ತು ನ್ಗೋನಿ ಎಂಬ ಎರಡು ಕುಲಗಳು ಅಜ್ಜಂದಿರ ಕಾಲದಲ್ಲಿ ಹೊಡೆದಾಡಿದ್ದವಂತೆ. ರಾಜಿಯಾದ ಮೇಲೆ ಈಟಿಗಳನ್ನು ಕೆಳಗಿಟ್ಟರು, ನಾಲಗೆಯನ್ನು ಮಾತ್ರ ಇಡಲಿಲ್ಲ. ಅಂದಿನಿಂದ ಬೆಂಬಾದವನೂ ನ್ಗೋನಿಯವನೂ ಎಲ್ಲಿ ಎದುರಾದರೂ, ಹಿಂದೆಂದೂ ನೋಡಿರದಿದ್ದರೂ, ಪರಸ್ಪರ ಗೇಲಿ ಮಾಡಲೇಬೇಕು. ನೀವು ಕೋತಿ ತಿನ್ನುವವರೆಂದು ನ್ಗೋನಿಯವರು, ನೀವು ಇಲಿ ತಿನ್ನುವವರೆಂದು ಬೆಂಬಾದವರು.

"ನಮ್ಮಲ್ಲಿ ಭಾವಮೈದುನರು ಹಾಸ್ಯ ಮಾಡೋಲ್ವೇ, ಹಾಗೆ," ಎಂದರು. "ಅಲ್ಲಿ ಕುಲಕ್ಕೆ ಕುಲವೇ ಭಾವಮೈದುನ."

ಸಾವಿನ ಮನೆಯಲ್ಲಿಯೂ ಇದಕ್ಕೆ ಬಿಡುವಿಲ್ಲವಂತೆ. ಕಸಾಮಾದಲ್ಲಿ ಮುಲೆಂಗಾ ಎಂಬ ಬೆಂಬಾ ಮೇಷ್ಟ್ರು ತೀರಿಕೊಂಡಾಗ, ನ್ಗೋನಿ ಸಹೋದ್ಯೋಗಿಯೊಬ್ಬರು ಹೆಣದ ಪಕ್ಕದಲ್ಲಿ ನಿಂತು, ಏಳಯ್ಯಾ, ಉತ್ತರಪತ್ರಿಕೆ ತಿದ್ದುವುದನ್ನು ತಪ್ಪಿಸಿಕೊಳ್ಳಲು ಹೀಗೆ ಮಲಗಿದ್ದೀಯಾ ಎಂದು ಗದರಿದರು. ಅಲ್ಲಿಯವರೆಗೆ ಅನ್ನ ನೀರು ಮುಟ್ಟದೆ ಕೂತಿದ್ದ ಮುಲೆಂಗಾರ ಹೆಂಡತಿ ಅಳುತ್ತಳುತ್ತಲೇ ನಕ್ಕು, ಒಂದು ಲೋಟ ನೀರು ಕುಡಿದರಂತೆ. ಆ ದಿನ ನನಗೆ ಈ ಪದ್ಧತಿ ಅರ್ಥವಾಯಿತು ಎಂದರು ಉದಯಶಂಕರರು.

ಇದಕ್ಕೆ ಎರಡು ಕಟ್ಟಳೆಗಳಿವೆ. ಭಾವಮೈದುನ ನಿನ್ನ ಕೈಯಲ್ಲಿರುವುದನ್ನು ಕಿತ್ತುಕೊಂಡರೂ ಕೇಳುವ ಹಾಗಿಲ್ಲ. ಏನಂದರೂ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಸಿಟ್ಟು ಮಾಡಿಕೊಂಡವನು ಭಾವಮೈದುನನೇ ಅಲ್ಲ. ಮತ್ತೆ ನಂಟು ಬೇಕೆಂದರೆ ಒಂದು ಕೋಳಿಯನ್ನು ದಂಡವಾಗಿ ತೆರಬೇಕು. ಹೊಸತರಲ್ಲಿ ಉದಯಶಂಕರರೇ ಈ ತಪ್ಪು ಮಾಡಿದ್ದರು. ಮಳೆಯ ದಿನ ನ್ಗೋನಿಯವನೊಬ್ಬ ಅವರ ಕೊಡೆ ಕಿತ್ತುಕೊಂಡು ಹೋದಾಗ ರೇಗಿದ್ದರು. ಹೆಡ್‌ಮಾಸ್ಟರು ಕೋಳಿಯ ದಂಡ ಹಾಕಿದರು. ನಾವು ಅದನ್ನು ಮುಟ್ಟುವವರಲ್ಲವಲ್ಲ ಎಂದು ಕಮಲಮ್ಮ ಅತ್ತರು. ಹೆಡ್‌ಮಾಸ್ಟರು ಬಹಳ ಹೊತ್ತು ಯೋಚಿಸಿ, ಈ ಕುಟುಂಬದ ಮಟ್ಟಿಗೆ ಕುಂಬಳಕಾಯಿಯೇ ಕೋಳಿ ಎಂದು ತೀರ್ಪು ಕೊಟ್ಟರು. ಬಲಿಯ ಬದಲು ಕುಂಬಳಕಾಯಿ ಒಡೆಯುವ ನಾಡಿನಿಂದ ಹೋದ ಕಮಲಮ್ಮನವರಿಗೆ ಆ ತೀರ್ಪಿನಲ್ಲಿ ಯಾವ ವಿಚಿತ್ರವೂ ಕಾಣಲಿಲ್ಲ.

ಹೀಗೆ ಸ್ಯಾಂಡ್ರಿಂಗಮ್ ರಸ್ತೆಯಲ್ಲಿ ನಂಟಸ್ತನ ಬೆಳೆಯಿತು. ಭಾನುವಾರ ಜೆರೆ ದಂಪತಿ ಬಂದರೆ ಎಸ್ನಾಟ್ ಮುಸುಕಿನ ಜೋಳದ ಹಿಟ್ಟು ತಿರುವಿ ತಮ್ಮೂರಿನ ನ್ಶಿಮಾ ಮಾಡುವರು. ಕಮಲಮ್ಮ ಅದನ್ನು ಬಿಳಿ ಮುದ್ದೆ ಎಂದು ಕರೆದು ಸೊಪ್ಪಿನ ಹುಳಿಯೊಡನೆ ಬಡಿಸುವರು. ಗಂಡಸರಿಬ್ಬರೂ ತಿನ್ನುತ್ತಾ ಬೈದಾಡುವರು. ಸೊಸೆ ಸಿಂಚನಾ ಮೊದಮೊದಲು ಗಾಬರಿಯಾಗಿ ಬಾಗಿಲು ಮುಚ್ಚುತ್ತಿದ್ದಳು, ಆಮೇಲೆ ತಾನೂ ಕೂತು ನಗುವುದಕ್ಕೆ ಶುರುಮಾಡಿದಳು. ಬಸ್ಸಿನಲ್ಲಿ ದಿನವೂ ಬರುವ 'ಕಿವಿ' ಪ್ರಯಾಣಿಕರಿಗೂ, ಅಂದರೆ ನ್ಯೂಜಿಲೆಂಡಿನವರಿಗೂ, ಇದು ರೇಡಿಯೊ ವಾರ್ತೆಯಷ್ಟೇ ಅಭ್ಯಾಸವಾಯಿತು.

ಚಳಿಗಾಲದಲ್ಲಿ ಜೆರೆಯವರಿಗೆ ದೊಡ್ಡ ಅಸ್ತ್ರವೊಂದು ಸಿಕ್ಕಿತು. ಉದಯಶಂಕರರು ಬಸ್ಸು ಹತ್ತುವಾಗ ಕಮಲಮ್ಮ ಕಿವಿ ಮುಚ್ಚುವ ಕಂದು ಉಣ್ಣೆಯ ಟೋಪಿ ಹಿಡಿದು ಹಿಂದಿನಿಂದ ಓಡಿ ಬಂದರು.

"ರೀ, ಮಂಕಿ ಕ್ಯಾಪ್ ಮರೆತ್ರಲ್ಲ."

ಕನ್ನಡ ಬಾರದ ಜೆರೆಯವರಿಗೆ ಆ ಎರಡು ಪದ ಚೆನ್ನಾಗಿ ಅರ್ಥವಾದವು. ಅವರು ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ನಗುತ್ತಿದ್ದದ್ದರಿಂದ ಬಸ್ಸು ಹೊರಡುವುದೇ ತಡವಾಯಿತು. ತಿಂದದ್ದು ಸಾಲದು ಎಂದು ಈಗ ತೊಗಲನ್ನೂ ತಲೆಗೆ ಹಾಕಿಕೊಂಡಿದ್ದೀಯಾ ಎಂಬ ಅವರ ಮಾತಿಗೆ ಉತ್ತರ ಹುಡುಕಲು ಉದಯಶಂಕರರಿಗೆ ಎರಡು ದಿನ ಬೇಕಾಯಿತು.

ಅದರ ಮುಂದಿನ ಚಳಿಗಾಲ, ಎರಡು ಸಾವಿರದ ಏಳರ ಜುಲೈನಲ್ಲಿ, ವಾಸಂತಿ ಬಸ್ಸು ಹತ್ತಿದಳು.

ವಾಸಂತಿ ನಮ್ಮ ಕನ್ನಡ ಕೂಟದ ಆಧಾರಸ್ತಂಭ. ಯಾರ ಮನೆಯಲ್ಲಿ ಬಾಣಂತನವಾದರೂ ಸಾರಿನಪುಡಿ ಅವಳದು. ಯಾರಿಗೆ ಜ್ವರ ಬಂದರೂ ಗಂಜಿ ಅವಳದು. ಬೆಂಗಳೂರಿನ ಹನುಮಂತನಗರದವಳು, ಆಂಜನೇಯನ ಪರಮ ಭಕ್ತೆ; ಶನಿವಾರ ತಪ್ಪಿದರೂ ವಡೆಯ ಹಾರ ತಪ್ಪದು. ಆ ದಿನ ಅವಳ ಕಾರು ತಪಾಸಣೆಯಲ್ಲಿ ಫೇಲಾಗಿ ಗ್ಯಾರೇಜಿನಲ್ಲಿತ್ತು, ಹಾಗಾಗಿ ಬಸ್ಸು. ಉದಯಶಂಕರರಿಗೆ ಆ ದಿನ ಶೀತವಾಗಿ ಗಂಟಲು ಪೂರ್ತಿ ಕಟ್ಟಿತ್ತು. ನಾನು ಜೊತೆಯಲ್ಲಿರಲಿಲ್ಲ.

ಅವಳು ಕಂಡದ್ದು ಇಷ್ಟು. ಟೋಪಿ, ಮಫ್ಲರು ಸುತ್ತಿಕೊಂಡ ಬಡಪಾಯಿ ಅಂಕಲ್ ಕೆಮ್ಮುತ್ತಾ ಬಸ್ಸು ಹತ್ತುತ್ತಾರೆ. ಆ ಚಾಲಕ ಎಲ್ಲರ ಮುಂದೆ, ಇವತ್ತು ಯಾವ ಕೋತಿಯನ್ನು ತಿಂದೆ, ಅದರ ಬಾಲ ಗಂಟಲಿಗೆ ಸಿಕ್ಕಿಕೊಂಡಿತೇ ಎಂದು ಕೇಳುತ್ತಾನೆ. ಅಂಕಲ್ ಬಾಯಿ ತೆರೆದರೂ ಸ್ವರ ಹೊರಡುವುದಿಲ್ಲ. ಎದುರಾಳಿಗೆ ಮಾತು ಬರದ ಸುದಿನವನ್ನು ಜೆರೆಯವರು ಬಿಡುತ್ತಾರೆಯೇ? ಪಟ್ಟಣ ಮುಟ್ಟುವವರೆಗೆ ಒಂದು ವಾರದ ಬೈಗುಳವನ್ನು ಒಂದೇ ಸಲ ಸುರಿದರು. ಹಿರಿಯ ಜೀವ ತಲೆ ತಗ್ಗಿಸಿ, ಹೆಗಲು ಕುಲುಕಿಸುತ್ತಾ ಕೂತಿತ್ತು. ನಗುತ್ತಿದೆ ಎಂದು ವಾಸಂತಿಗೆ ಹೇಗೆ ತಿಳಿಯಬೇಕು? ಅಳುತ್ತಿದೆ ಎಂದುಕೊಂಡಳು.

ಕೋತಿ ಎಂಬ ಮಾತಿಗೆ ಅವಳ ರಕ್ತ ಕುದಿಯಿತು. ಅಂಕಲ್ಲನ್ನು ಕೇಳಿ ಅವರ ಮಾನವನ್ನು ಮತ್ತೊಮ್ಮೆ ಕಳೆಯುವುದು ಬೇಡವೆಂದು, ಸಂಜೆ ಬಸ್ಸಿನ ಕಂಪನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ತನ್ನ ಹೆಸರು ಬೇಡ, ಆ ಭಾರತೀಯ ಹಿರಿಯರ ಪರವಾಗಿ ಹೇಳುತ್ತಿದ್ದೇನೆ ಎಂದಳು. ಮರುದಿನ ಮೇಲಧಿಕಾರಿ ಜೆರೆಯವರನ್ನು ಕರೆದು, ನಿಮ್ಮ ಮಾತಿನಿಂದ ಭಾರತೀಯ ಹಿರಿಯರೊಬ್ಬರ ಮನಸ್ಸು ನೊಂದಿದೆ, ದೂರು ಬಂದಿದೆ, ಇನ್ನೊಮ್ಮೆ ಹೀಗಾದರೆ ಕೆಲಸಕ್ಕೆ ಕುತ್ತು ಎಂದರು. ಆ ಹಿರಿಯರು ಯಾರೆಂದು ಜೆರೆಯವರು ಕೇಳಬೇಕಾಗಿರಲಿಲ್ಲ. ಕೆಲಸದ ಮಾತಿಗಿಂತ ಹೆಚ್ಚಾಗಿ, ಉದಯಶಂಕರ್ ಸಿಟ್ಟು ಮಾಡಿಕೊಂಡ, ಅದೂ ಮುಖ ನೋಡಿ ಹೇಳದೆ ಕಂಪನಿಗೆ ಹೇಳಿದ ಎಂಬುದು ಅವರನ್ನು ಚುಚ್ಚಿತು.

ಕೆಲವು ದಿನಗಳ ಮೇಲೆ ಗಂಟಲು ಸರಿಹೋಗಿ ಉದಯಶಂಕರರು ಬಸ್ಸಿಗೆ ಬಂದರು. ಹಾಸಿಗೆಯಲ್ಲಿ ಮಲಗಿದಷ್ಟು ದಿನವೂ ಅವರು ಇಲಿಗಳ ವಿಷಯವಾಗಿ ಬಹಳ ಚಿಂತನೆ ನಡೆಸಿದ್ದರು. ನನ್ನ ಮುಂದೆ ಒಂದೆರಡನ್ನು ಹೇಳಿಯೂ ನೋಡಿದ್ದರು. ಬಾಗಿಲು ತೆರೆಯಿತು.

"ಗುಡ್ ಮಾರ್ನಿಂಗ್, ಸರ್," ಎಂದರು ಜೆರೆ. "ಹುಷಾರಾಗಿ ಕೂತುಕೊಳ್ಳಿ."

ಉದಯಶಂಕರರು ಇದೇನೋ ಹೊಸ ವರಸೆ ಎಂದುಕೊಂಡು ನಕ್ಕು, ತಮ್ಮ ಮೊದಲನೆಯ ಇಲಿಯನ್ನು ಬಿಟ್ಟರು. ಜೆರೆ ರಸ್ತೆಯನ್ನು ನೋಡುತ್ತಿದ್ದರು. ಎರಡನೆಯದನ್ನೂ ಬಿಟ್ಟರು. ಜೆರೆ ವಿನಯದಿಂದ, ದಯವಿಟ್ಟು ಬಸ್ಸು ಚಲಿಸುವಾಗ ಕಂಬಿ ಹಿಡಿದುಕೊಳ್ಳಿ ಸರ್ ಎಂದರು. ಬಸ್ಸಿನವರೆಲ್ಲ ತಲೆಯೆತ್ತಿ ನೋಡಿದರು.

ಉದಯಶಂಕರರು ನನ್ನ ಪಕ್ಕದಲ್ಲಿ ಕೂತರು. ಲೈಬ್ರರಿಯಲ್ಲಿ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದಿದ್ದರು.

ಆ ವಾರವೆಲ್ಲ ಹೀಗೆಯೇ. ದಿನವೂ 'ಸರ್'. ಒಮ್ಮೆ ಜೆರೆ ಎದ್ದು ಕೈಹಿಡಿದು ಇಳಿಸಲು ಬಂದದ್ದಂತೂ ಅವರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ತಾವು ಎಂದೋ ಮಿತಿ ಮೀರಿ ಆಡಿರಬೇಕು, ಅದಕ್ಕೇ ಅವರು ನಂಟು ಹರಿದುಕೊಂಡರು ಎಂದು ಲೆಕ್ಕ ಹಾಕಿದರು. ಕಳೆದ ತಿಂಗಳು ಎಸ್ನಾಟರ ತೌರಿನ ಇಲಿಗಳ ಬಗ್ಗೆ ಅಂದದ್ದೇ? ಮನೆಯಲ್ಲಿ ಅಕ್ಕಿರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುವುದನ್ನು ಕಂಡು ಕಮಲಮ್ಮ ಎಸ್ನಾಟರಿಗೆ ಫೋನು ಮಾಡಿದರು. ಆಕೆಯೂ, ನೀವೆಲ್ಲ ಚೆನ್ನಾಗಿದ್ದೀರಾ, ಬಹಳ ಸಂತೋಷ ಎಂದು ಇಟ್ಟುಬಿಟ್ಟರು.

"ಈ ವಯಸ್ಸಿನಲ್ಲಿ ಇನ್ನೊಬ್ಬ ಭಾವಮೈದುನನ್ನ ಎಲ್ಲಿಂದ ತರಲಿ ಕಣೇ?" ಎಂದರಂತೆ ಉದಯಶಂಕರರು. "ಮರ್ಯಾದೆ ಕೊಡೋರು ಊರು ತುಂಬ ಇದ್ದಾರೆ."

ಕಮಲಮ್ಮನವರು ಅಂದು ಬೈಯುವುದನ್ನೂ ಮರೆತು, ಅರ್ಧ ಉಳಿದ ರೊಟ್ಟಿಯನ್ನು ಮುಚ್ಚಿಟ್ಟರಂತೆ.

ಶನಿವಾರ ಬೆಳಿಗ್ಗೆ ನಾನು ಅವರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ವಾಸಂತಿ ಆಂಜನೇಯನ ಪ್ರಸಾದದ ವಡೆಗಳನ್ನು ತಂದಳು. ಅಂಕಲ್ಲಿನ ಬಾಡಿದ ಮುಖ ಅವಳ ಕಣ್ಣಿಗೆ ಬಿತ್ತು. ಸಮಾಧಾನ ಹೇಳಬೇಕೆಂದೇ ಪಕ್ಕದಲ್ಲಿ ಕೂತು, ಮೆಲ್ಲಗೆ ಕೇಳಿದಳು.

"ಅಂಕಲ್, ಆ ಡ್ರೈವರ್ ಈಗ ಮರ್ಯಾದೆಯಿಂದ ಮಾತಾಡ್ತಾನೆ ತಾನೇ? ನೀವೇನೂ ಯೋಚನೆ ಮಾಡ್ಬೇಡಿ. ನಾನೇ ಕಂಪನಿಗೆ ಫೋನ್ ಮಾಡಿ ಸರಿಯಾಗಿ ಹೇಳಿಸಿದೀನಿ."

ಉದಯಶಂಕರರ ಕೈಯಲ್ಲಿದ್ದ ವಡೆ ತಟ್ಟೆಗೆ ಬಿತ್ತು. ಕಮಲಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದರು. ನಾನು ಕಾಫಿಯೊಳಗೆ ಮುಖವಿಟ್ಟೆ. ಅಷ್ಟು ಒಳ್ಳೆಯ ಮನಸ್ಸಿನಿಂದ ಅಷ್ಟು ದೊಡ್ಡ ಅನಾಹುತ ಮಾಡಿದವರನ್ನು ಹೇಗೆ ಗದರುವುದು? ಉದಯಶಂಕರರು ಗದರಲಿಲ್ಲ. ಕಸಾಮಾದ ಕಥೆಯನ್ನು ಮೊದಲಿನಿಂದ ಹೇಳಿದರು. ಮುಲೆಂಗಾರ ಹೆಂಡತಿ ನೀರು ಕುಡಿದದ್ದನ್ನೂ ಹೇಳಿದರು.

ವಾಸಂತಿ ಬಿಳಿಚಿಕೊಂಡಳು. "ಕೋತಿ ತಿಂತೀಯಾ ಅನ್ನೋದು ಪ್ರೀತೀನಾ ಅಂಕಲ್?"

"ಅದೇ ಕಣಮ್ಮ ಪ್ರೀತಿ. ಸರ್ ಅನ್ನೋದು ದೂರ."

ಅವಳು ಅಲ್ಲಿಯೇ ಫೋನು ತೆಗೆದುಕೊಂಡು ಕಂಪನಿಗೆ ಮಾತಾಡಿದಳು. ಆಚೆ ಕಡೆಯ ಹೆಣ್ಣುಮಗಳು ವಿಷಯವನ್ನು ಮೂರು ಸಲ ಹೇಳಿಸಿಕೊಂಡಳು. ಚಾಲಕರು ಸಭ್ಯವಾಗಿ ನಡೆದುಕೊಳ್ಳುತ್ತಿರುವುದರಿಂದ ನಿಮಗೆ ತೊಂದರೆಯಾಗಿದೆ, ಸರಿಯೇ? ಹೌದು, ಬಹಳ ತೊಂದರೆಯಾಗಿದೆ, ಹಿರಿಯರು ಊಟ ಬಿಟ್ಟಿದ್ದಾರೆ ಎಂದಳು ವಾಸಂತಿ. ಮೇಲಧಿಕಾರಿಯೇ ಬಂದು ಕೇಳಿ, ಕೊನೆಗೆ ಉದಯಶಂಕರರ ಬಾಯಿಂದಲೂ ಕೇಳಿ, ದೂರನ್ನು ಕೈಬಿಟ್ಟರು. ಬೈಗುಳದಿಂದ ಬಸ್ಸು ತಡವಾಗದಿದ್ದರೆ ತಮ್ಮ ಅಭ್ಯಂತರವಿಲ್ಲ ಎಂದರು.

ವಾಸಂತಿ ಹಗುರಾಗಿ ಉಸಿರು ಬಿಟ್ಟಳು. ಆದರೆ ಉದಯಶಂಕರರು ತಲೆಯಾಡಿಸಿದರು. ಕೆಲಸದ ಕುತ್ತು ತಪ್ಪಿತು, ನಂಟು ಬರಲಿಲ್ಲ. ಬೆಂಬಾ ಕಡೆಯಿಂದ ಸಿಟ್ಟಾಗಿದೆ ಎಂದು ಜೆರೆ ನಂಬಿರುವವರೆಗೂ ಕಂಪನಿ ಅಪ್ಪಣೆ ಕೊಟ್ಟರೂ ಅವರು ಬೈಯಲಾರರು. ದಂಡ ತೆರಲೇಬೇಕು.

"ತಪ್ಪು ಮಾಡಿದವರೇ ಹೊರಬೇಕು," ಎಂದು ಕಮಲಮ್ಮ ಸೌಟನ್ನು ವಾಸಂತಿಯ ಕಡೆ ತೋರಿಸಿದರು. "ಭಾರವಾದದ್ದನ್ನೇ ನೋಡಿ ತಗೊಂಡು ಬಾ."

ಸೋಮವಾರ ಬೆಳಿಗ್ಗೆ ತುಂತುರು ಮಳೆ. ಬಸ್ಸಿನ ನಿಲ್ದಾಣದಲ್ಲಿ ವಾಸಂತಿ ರೇಷ್ಮೆ ಸೀರೆಯುಟ್ಟು, ಅದರ ಮೇಲೆ ಕೋಟು ತೊಟ್ಟು, ಬೂದುಬಣ್ಣದ ದೊಡ್ಡ ಕುಂಬಳಕಾಯಿಯೊಂದನ್ನು ಮಗುವಿನಂತೆ ಎತ್ತಿಕೊಂಡು ನಿಂತಿದ್ದಳು. ಇಂಗ್ಲಿಷಿನಲ್ಲಿ ಹೇಳಬೇಕಾದ ಮಾತನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದಳು. ಜನ್ಮದಲ್ಲಿ ಯಾರನ್ನೂ ಬೈದವಳಲ್ಲ. ಗಂಡ ರಘುನಾಥನನ್ನೂ ಬಹುವಚನದಲ್ಲೇ ಗದರುವವಳು. ಅವಳ ಹಿಂದೆ ಉದಯಶಂಕರರು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನಂತೆ ಕಾಲು ಬದಲಾಯಿಸುತ್ತಿದ್ದರು. ಕಮಲಮ್ಮನೂ ನಾನೂ ಬಂದಿದ್ದೆವು.

ಬಸ್ಸು ಬಂತು. ಬಾಗಿಲು ತೆರೆಯಿತು.

"ಗುಡ್ ಮಾರ್ನಿಂಗ್, ಮೇಡಮ್," ಎಂದರು ಜೆರೆ.

ವಾಸಂತಿ ಮೆಟ್ಟಿಲು ಹತ್ತಿ ಕುಂಬಳಕಾಯಿಯನ್ನು ಹಣ ಕೊಡುವ ತಟ್ಟೆಯ ಮೇಲೆ ಇಟ್ಟಳು. "ಫೋನು ಮಾಡಿದವಳು ನಾನು," ಎಂದಳು. "ಇವರಲ್ಲ. ಇವರಿಗೆ ಶನಿವಾರದವರೆಗೆ ಗೊತ್ತೇ ಇರಲಿಲ್ಲ." ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಒಂದೇ ಉಸಿರಿನಲ್ಲಿ ಮುಗಿಸಿದಳು. "ಇದು ಬೆಂಬಾದವರ ದಂಡ. ತಗೊಳ್ಳಿ, ಇಲಿ ತಿನ್ನುವವರೇ, ದಯವಿಟ್ಟು."

ಜೆರೆಯವರು ಕುಂಬಳಕಾಯಿಯನ್ನು ನೋಡಿದರು. ವಾಸಂತಿಯನ್ನು ನೋಡಿದರು. ಕಸಾಮಾದ ಕುಂಬಳಕಾಯಿಯ ಕಥೆಯನ್ನು ಅವರು ಎಷ್ಟೋ ಭಾನುವಾರ ಕೇಳಿ ನಕ್ಕಿದ್ದವರು. ಈಗ ನಗಲಿಲ್ಲ. ಕನ್ನಡಕ ತೆಗೆದು, ತೋಳಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಅವಳ ಹಿಂದೆ ಮಳೆಯಲ್ಲಿ ನಿಂತಿದ್ದ ಮುದುಕನ ಕಡೆಗೆ ನೋಟ ತಿರುಗಿಸಿದರು.

"ಒಂದೇನಾ?" ಎಂದರು ಜೆರೆ. "ಮಿಕ್ಕದ್ದನ್ನು ದಾರಿಯಲ್ಲಿ ನಿನ್ನ ನೆಂಟರು ಮರ ಹತ್ತಿ ತಿಂದರೋ? ಬಾ ಒಳಗೆ, ನೆನೆದರೆ ಇನ್ನೂ ನಾರುತ್ತೀಯ."

ಉದಯಶಂಕರರು ಮೆಟ್ಟಿಲು ಹತ್ತಿದರು. ಜೆರೆಯವರು ಕೈ ಚಾಚಿ ಅವರ ತಲೆಯ ಮೇಲಿನ ಮಂಕಿ ಕ್ಯಾಪನ್ನು ಕಿತ್ತುಕೊಂಡು ತಾವೇ ಹಾಕಿಕೊಂಡರು. ಭಾವಮೈದುನ ಕಿತ್ತುಕೊಂಡದ್ದನ್ನು ಕೇಳುವ ಹಾಗಿಲ್ಲ. ಹಿಂದಿನ ಸೀಟಿನ ಕಿವಿ ಅಜ್ಜಿಯೊಬ್ಬರು ಚಪ್ಪಾಳೆ ತಟ್ಟಿದರು.

ಬಸ್ಸು ಹೊರಟಿತು. ಕುಂಬಳಕಾಯಿ ಕಮಲಮ್ಮನ ಮಡಿಲಲ್ಲಿ. ವಾಸಂತಿ ಮುಂದಿನ ಸೀಟಿನಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು. ಮೌಂಟ್ ಆಲ್ಬರ್ಟ್ ಕಡೆಗೆ ತಿರುಗುವ ಸಿಗ್ನಲ್ ದೀಪದ ಬಳಿ ನಿಂತಾಗ ಜೆರೆಯವರು ಕನ್ನಡಿಯಲ್ಲಿ ಅವಳನ್ನು ನೋಡಿ, ತಾವು ಯಾವ ಕುಲದವರು ಮೇಡಮ್ ಎಂದು ಬಹಳ ವಿನಯದಿಂದ ವಿಚಾರಿಸಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಕಮಲಮ್ಮನೇ, ಅವಳು ನಮ್ಮವಳು ಎಂದರು.

"ಅಯ್ಯೋ ದೇವರೇ," ಎಂದರು ಜೆರೆ, "ಇನ್ನೊಂದು ಕೋತಿ ತಿನ್ನುವ ಬಾಯಿ."

ವಾಸಂತಿ ಎರಡೂ ಕೈಯಿಂದ ಕೆನ್ನೆ ಮುಟ್ಟಿಕೊಂಡು, ಕಣ್ಣು ಮುಚ್ಚಿ, ಆಂಜನೇಯನಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡಳು. ಬರುವ ಶನಿವಾರ ಹಾರಕ್ಕೆ ವಡೆ ಹೆಚ್ಚು ಬೇಕಾಗಬಹುದು. ಆಮೇಲೆ ಕಣ್ಣು ತೆರೆದು, ಬೆನ್ನು ನೆಟ್ಟಗೆ ಮಾಡಿಕೊಂಡು, ದೀಪ ಹಸಿರಾಗಿದೆ, ಇಲಿಯವರು ರಸ್ತೆ ನೋಡಿಕೊಂಡು ಬಸ್ಸು ಬಿಡಬೇಕು ಎಂದಳು.